ಪಾಪ, ಪೇಪರ್ ಓದಿಲ್ಲ

ಮೊದಲೇ ಹೇಳಿಬಿಡ್ತೀನಿ, ನಾನು ಪೇಪರ್ ಓದ್ತೀನಿ. ಅಕ್ಷರ ಕೂಡಿಸಿ ಓದೋದು ಬಂದಾಗಿನಿಂದ ಓದ್ತಾ ಇದ್ದೀನಿ. ನಮ್ಮೂರಿಗೆ ಪೇಪರು ಎರಡು ದಿನ ತಡವಾಗಿ ಬರ್ತಿತ್ತು, ಹೊಳೆಬಾಗಿಲಲ್ಲಿ ದೋಣಿ ದಾಟಿ, ಅಂಬಿಗ ಕೆರಿಯಪ್ಪನ ಕಂಬಳಿಯೊಳಗೆ ಸುತ್ತಿಕೊಂಡು. ಮಳೆಗಾಲದಲ್ಲಿ ಅರ್ಧ ಒದ್ದೆಯಾಗಿರ್ತಿತ್ತು. ಒಲೆ ಹತ್ರ ಹಿಡಿದು ಒಣಗಿಸಿ, ಮೊದಲ ಪುಟದ ತುದಿಯಿಂದ ಕೊನೇ ಪುಟದ ಹರಾಜಿನ ನೋಟೀಸಿನವರೆಗೂ ಓದ್ತಿದ್ದೆ. ಓದಿ ಊರಿಗೆಲ್ಲ ಹೇಳ್ತಿದ್ದೆ. ಇದನ್ನ ಇಷ್ಟು ಒತ್ತಿ ಯಾಕೆ ಹೇಳ್ತೀನಿ ಅಂದ್ರೆ, ಅರವತ್ತೈದನೇ ಇಸವಿಯಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಲ್ಲಿ ಯಾರನ್ನೇ ನಿಲ್ಲಿಸಿ ‘ಪೇಪರ್ ಓದದ ಹೆಂಗಸು ಯಾರ್ರೀ’ ಅಂತ ಕೇಳಿದ್ರೂ, ನಗ್ತಾ ನಗ್ತಾ ನನ್ನ ಮುಖ ತೋರಿಸ್ತಿದ್ರು. ವನಮಾಲಾ ಅನ್ನೋ ನನ್ನ ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ.

ಊರಿನ ಹೆಸರು ಹೇಳಿ ಪ್ರಯೋಜನ ಇಲ್ಲ, ಈಗ ಅದು ಶರಾವತಿಯ ನೀರಡಿ. ಅಲ್ಲಿ ಒಬ್ಬರ ಮನೆಯ ಜಗುಲಿಯಲ್ಲಿ ಶಾಲೆ ನಡೀತಿತ್ತು, ನಾನೇ ಮೇಡಂ. ಅಪ್ಪಯ್ಯ ತೀರಿಹೋಗಿ, ನಾನು, ನಮ್ಮ ಆಯಿ ಇಬ್ಬರೇ. ಆಯಿ ಅಂದ್ರೆ ತಾಯಿ, ನಮ್ಮ ಹವ್ಯಕರ ಮನೆ ಮಾತಲ್ಲಿ. ಆ ಮಾತಿನ ಇನ್ನೊಂದು ಪದ ನಿಮಗೆ ಈಗಲೇ ಹೇಳಿಬಿಡಬೇಕು. ‘ಬತ್ತು’ ಅಂದ್ರೆ ನಮ್ಮಲ್ಲಿ ಬರುತ್ತೆ ಅಂತ. ಮಳೆ ಬತ್ತು, ಬಸ್ಸು ಬತ್ತು, ಮೇಯೋಕೆ ಹೋದ ದನ ಬತ್ತು. ಎಲ್ಲ ಬರೋದೇ, ಯಾವುದೂ ಒಣಗೋದಲ್ಲ.

ಲಿಂಗನಮಕ್ಕಿಯಲ್ಲಿ ಕಟ್ಟೆ ಏಳ್ತಿದೆ, ನೀರು ನಿಲ್ಲುತ್ತೆ ಅಂತ ಪೇಪರಲ್ಲಿ ಬಂದ ದಿನದಿಂದ ನಾನು ಹೇಳ್ತಾನೇ ಇದ್ದೆ. ಯಾರು ಕೇಳ್ತಾರೆ? ನೀರು ಇಲ್ಲಿವರೆಗೆ ಬರುತ್ತೆ ಅಂತ ಗುರುತಿನ ಕಲ್ಲು ನೆಟ್ಟು ಹೋಗಿದ್ರು, ನಮ್ಮ ಜನ ಆ ಕಲ್ಲಿಗೆ ಎಮ್ಮೆ ಕಟ್ತಿದ್ರು. ‘ಹೊಳೆ ಗುಡ್ಡ ಹತ್ತುತ್ತಾ ತಂಗಿ’ ಅಂತ ನನ್ನನ್ನೇ ತಮಾಷೆ ಮಾಡ್ತಿದ್ರು. ಅರವತ್ನಾಲ್ಕರ ಮಳೆಗಾಲದಲ್ಲಿ ಹೊಳೆ ಗುಡ್ಡ ಹತ್ತಿತು. ಸದ್ದಿಲ್ಲ, ಗದ್ದಲ ಇಲ್ಲ, ಬೆಳಿಗ್ಗೆ ಗದ್ದೆಯ ಅಂಚಲ್ಲಿದ್ದ ನೀರು ಮಧ್ಯಾಹ್ನಕ್ಕೆ ಗದ್ದೆಯೊಳಗಿತ್ತು. ಆಯಿಯನ್ನ ಗಾಡಿಯಲ್ಲಿ ಮೇಲಕ್ಕೆ ಕಳಿಸಿ, ನಾನು ಸೀರೆ ಎತ್ತಿ ಕಟ್ಟಿಕೊಂಡು, ಛತ್ರಿ ಹಿಡಿದು, ಮೊಣಕಾಲುದ್ದ ನೀರಿಗಿಳಿದೆ. ಗದ್ದೆ ಆಚೆ ಒಂದಿಷ್ಟು ಮನೆಗಳು ಇನ್ನೂ ಹೊರಟಿರಲಿಲ್ಲ. ದುಗ್ಗಮ್ಮನ ಮನೆಯಲ್ಲಿ ಬಾಣಂತಿ ಸೊಸೆ ಬೇರೆ. ಗಂಟಲು ಹರಿಯೋ ಹಾಗೆ ಕೂಗಿದೆ, “ನೀರು ಬತ್ತೂ! ನೀರು ಬತ್ತೂ!” ನನ್ನ ಕೂಗು ಕೇಳಿಯೇ ಅವರೆಲ್ಲ ಎದ್ದು ಹೊರಟಿದ್ದು. ಬಾಣಂತಿ, ಮಗು ಎಲ್ಲ ಕ್ಷೇಮವಾಗಿ ಗುಡ್ಡ ಹತ್ತಿದ್ರು. ಇದನ್ನ ಯಾವ ಪೇಪರಿನವನೂ ಬರೀಲಿಲ್ಲ ನೋಡಿ.

ಅದೇ ಹೊತ್ತಿಗೆ ಒಂದು ದೋಣಿ ಬಂತು. ಸಾಮಾನು ಸಾಗಿಸೋಕೆ ಅಂತ ಸಾಗರದ ಹೈಸ್ಕೂಲಿನವರು ಬಂದಿದ್ರು, ಜೊತೆಗೆ ಅವರ ಡ್ರಾಯಿಂಗ್ ಮೇಷ್ಟ್ರು ನಾರಾಯಣಮೂರ್ತಿ. ಚಳ್ಳಕೆರೆ ಕಡೆಯವರು, ಸಾಗರಕ್ಕೆ ವರ್ಗವಾಗಿ ಬಂದು ತಿಂಗಳೂ ಆಗಿರಲಿಲ್ಲ. ನನ್ನನ್ನ ಕೈಹಿಡಿದು ದೋಣಿಗೆ ಹತ್ತಿಸಿಕೊಂಡು ಕೇಳಿದ್ರು, “ಎಲ್ಲಿ ತಾಯಿ ಬತ್ತಿರೋದು?”

ಇದೆಂಥ ಪ್ರಶ್ನೆ ಅಂದುಕೊಂಡೆ. “ಕಾಣದಿಲ್ಯ? ಎಲ್ಲ ಬದಿಯಿಂದ್ಲೂ ಬತ್ತು!” ಅಂದೆ.

ಅವರು ಮುಖ ಆಚೆ ತಿರುಗಿಸಿ ನಕ್ಕರು. ಊರು ಮುಳುಗೋವಾಗ ನಗೋ ಮನುಷ್ಯನನ್ನ ನಾನು ಅಲ್ಲೇ ಮೊದಲು ನೋಡಿದ್ದು. ಅವರ ಸೀಮೆಯಲ್ಲಿ ಬಾವಿ ಬತ್ತೋದು, ಕೆರೆ ಬತ್ತೋದು ಬಿಟ್ಟರೆ ಬೇರೆ ಸುದ್ದಿಯೇ ಇಲ್ಲವಂತೆ. ‘ಬತ್ತಿತು’ ಅನ್ನೋದನ್ನೇ ಈ ಹಳ್ಳಿ ಹೆಂಗಸು ಚೂರು ಮಾಡಿ ‘ಬತ್ತು’ ಅಂತಿದ್ದಾಳೆ ಅಂತ ಅವರು ತಿಳಿದ್ರು. ಸುತ್ತ ಸಮುದ್ರದ ಹಾಗೆ ನೀರು, ನಡುವೆ ಛತ್ರಿ ಹಿಡಿದ ಕನ್ನಡಕದ ಹೆಂಗಸೊಬ್ಬಳು ನೀರು ಒಣಗಿಹೋಯ್ತು ಅಂತ ಬೊಬ್ಬೆ ಹೊಡೀತಿದ್ದಾಳೆ. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು.

ಸಾಗರದಲ್ಲಿ ಸೋದರಮಾವ ಮುಕುಂದಯ್ಯನ ಮನೆ ಸೇರಿಕೊಂಡೆವು. ಮಾವನದು ಪೇಟೆಯಲ್ಲಿ ಪುಸ್ತಕ, ಸ್ಲೇಟು, ಶಾಯಿಯ ಅಂಗಡಿ. ವಾರಪತ್ರಿಕೆಗಳೂ ಬರ್ತಿದ್ದವು. ಒಂದು ಗುರುವಾರ ಬಂಡಲ್ ಬಿಚ್ಚಿ ಜೋಡಿಸ್ತಾ ಇದ್ದೆ. ವಾರಪತ್ರಿಕೆಯ ಹಿಂದಿನ ಹೊದಿಕೆ ತಿರುಗಿಸಿ ನೋಡ್ತೀನಿ, ನಾನು! ಸೊಂಟದವರೆಗೆ ನೀರಲ್ಲಿ ನಿಂತಿದ್ದೀನಿ. ಎತ್ತಿ ಕಟ್ಟಿದ ಸೀರೆ, ಕಡ್ಡಿ ಮುರಿದ ಛತ್ರಿ, ಗುಂಡು ಕನ್ನಡಕ, ಮುಂದೆ ಚಾಚಿದ ಗಲ್ಲ. ಕನ್ನಡಕದ ಗಾಜಿನಲ್ಲಿ ಮೀನೊಂದು ಕಾಣ್ತಿದೆ. ಬಾಯಿಂದ ಹೊರಟ ಗುಳ್ಳೆಯಲ್ಲಿ ‘ನೀರು ಬತ್ತು!’ ಅಂತ ಬರೆದಿದೆ. ಕೆಳಗೆ ದಪ್ಪ ಅಕ್ಷರದಲ್ಲಿ ‘ಪಾಪ, ಪೇಪರ್ ಓದಿಲ್ಲ!’ ಅದರ ಕೆಳಗೆ ಒಂದು ದಿನಪತ್ರಿಕೆಯ ಹೆಸರು, ದಿನವೂ ಕೊಂಡು ಓದಿ ಅಂತ ಜಾಹೀರಾತು. ಆ ಪೇಪರಿನ ಹೆಸರು ನನ್ನ ಬಾಯಲ್ಲಿ ಹೇಳಿಸಬೇಡಿ. ಊರು ಮುಳುಗೋವರೆಗೂ ನಾನು ದಿನಾ ಓದ್ತಿದ್ದದ್ದು ಅದನ್ನೇ.

ಬರೆದು ಕಳಿಸಿದ್ದು ಆವತ್ತು ದೋಣಿಯಲ್ಲಿ ನಕ್ಕ ಡ್ರಾಯಿಂಗ್ ಮೇಷ್ಟ್ರೇ. ಚಿತ್ರ ಚೆನ್ನಾಗಿತ್ತು, ಅದೇ ನನ್ನ ಕರ್ಮ. ಕೆಟ್ಟದಾಗಿ ಬರೆದಿದ್ರೆ ಜನ ಪುಟ ತಿರುಗಿಸಿ ಮರೀತಿದ್ರು. ಪೇಪರಿನವರಿಗೂ ಇಷ್ಟವಾಗಿ, ವಾರವಾರವೂ ಬೇಕು ಅಂದ್ರಂತೆ. ಮೂರನೇ ವಾರಕ್ಕೆ ಅವಳಿಗೆ ಹೆಸರೂ ಇಟ್ಟರು, ಬತ್ತಕ್ಕ. ಬತ್ತಕ್ಕ ಚುನಾವಣೆ ಮುಗಿದ ಮಾರನೇ ದಿನ ಓಟು ಹಾಕೋಕೆ ಹೋಗ್ತಾಳೆ. ಕಿಲೋ ಬಂದಮೇಲೂ ಸೇರು ಹಿಡ್ಕೊಂಡು ಸಕ್ಕರೆ ಕೇಳ್ತಾಳೆ. ಬಸ್ಸಿನವರ ಮುಷ್ಕರದ ದಿನ ಸ್ಟ್ಯಾಂಡಿನಲ್ಲಿ ಗಂಟುಮೂಟೆ ಇಟ್ಟುಕೊಂಡು ಕೂತಿದ್ದಾಳೆ, ಮೇಲೆ ಕಾಗೆ ಗೂಡು ಕಟ್ಟಿದೆ. ಪ್ರತಿ ಸಲವೂ ಕೆಳಗೆ ಅದೇ ಸಾಲು. ಕ್ಷೌರದಂಗಡಿಯಲ್ಲಿ, ಹೋಟೆಲಲ್ಲಿ, ಬಸ್ ಸ್ಟ್ಯಾಂಡಿನ ಕಟ್ಟೆಯಲ್ಲಿ, ಎಲ್ಲಿ ನೋಡಿದ್ರೂ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

ಬೀದಿಗೆ ಇಳಿದ್ರೆ ಸಾಕು, ಹುಡುಗರು “ಬತ್ತಕ್ಕ ಬತ್ತು! ಬತ್ತಕ್ಕ ಬತ್ತು!” ಅಂತ ಹಿಂದೆ ಬೀಳ್ತಿದ್ರು. ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿದುಕೊಡ್ತಾ, “ಚಿಲ್ಲರೆ ಬತ್ತಾ ಅಕ್ಕ?” ಅನ್ನೋನು. ದೊಡ್ಡವರು ನೇರವಾಗಿ ಏನೂ ಅಂತಿರಲಿಲ್ಲ, ನೋಡಿ ಮೀಸೆಯೊಳಗೆ ನಗೋರು. ಮೈಯೆಲ್ಲ ಉರಿದುಹೋಗ್ತಿತ್ತು. ತಮಾಷೆ ಅಂದ್ರೆ ನಮ್ಮ ಹವ್ಯಕರೂ ನಕ್ಕರು ಮಾರಾಯ್ರೆ! ಬತ್ತು ಅಂದ್ರೆ ಏನು ಅಂತ ಹುಟ್ಟಿದಾಗಿನಿಂದ ಗೊತ್ತಿದ್ದವರೂ, ಅಚ್ಚಲ್ಲಿ ಬಂದಮೇಲೆ ಅದನ್ನ ಒಣಗಿತು ಅಂತಲೇ ಓದಿಕೊಂಡು ನಕ್ಕರು.

ಮಾವನಿಗೆ ಮಾತ್ರ ಖುಷಿ. ಬತ್ತಕ್ಕನನ್ನ ನೋಡೋ ನೆಪದಲ್ಲಿ ಜನ ಅಂಗಡಿಗೆ ಬರ್ತಿದ್ರು, ಬಂದವರು ಬರಿಗೈಯಲ್ಲಿ ಹೋಗ್ತಿರಲಿಲ್ಲ. “ವ್ಯಾಪಾರ ಲಾಯ್ಕ ಇದ್ದು ಕೂಸೆ. ನೀನು ಇಲ್ಲೇ ಮುಂದೆ ಕೂತ್ಕ. ಛತ್ರಿನೂ ಪಕ್ಕದಲ್ಲೇ ಇಟ್ಕ” ಅಂದ. ಕೂಸು ಅಂದ್ರೆ ನಮ್ಮಲ್ಲಿ ಮನೆ ಮಗಳು, ಎಷ್ಟೇ ದೊಡ್ಡವಳಾದ್ರೂ. ನಾನು ಹೊರಗೆ ಕೆಲಸ ಹಿಡೀದಿದ್ರೆ ನನ್ನ ಮುಂದಿನ ಜೀವನ ಏನು ಅಂತ ಆವತ್ತೇ ಕಂಡುಬಿಡ್ತು. ಗಾಜಿನ ಕಪಾಟಿನ ಪಕ್ಕ, ಸ್ಲೇಟು ಬಳಪಗಳ ಮಧ್ಯೆ, ಮಾವನ ಅಂಗಡಿಯ ಬೊಂಬೆ. ಅವನ ಮನೆಯ ಅನ್ನ ಉಣ್ಣೋವಾಗ ಆಗಲ್ಲ ಅನ್ನೋಕೆ ಬಾಯಿ ಎಲ್ಲಿಂದ ತರಲಿ? ನನಗೆ ಗೊತ್ತಿದ್ದದ್ದು ಪಾಠ ಹೇಳೋದೊಂದೇ. ಹೇಗಾದ್ರೂ ಒಂದು ಶಾಲೆಯ ಕೆಲಸ ಸಿಕ್ಕಿ, ಆಯಿಯನ್ನ ಕರ್ಕೊಂಡು ಸಾಗರ ಬಿಟ್ಟುಹೋಗಬೇಕು ಅಂತ ಹಟ ಹಿಡಿದೆ.

ಹೊಸನಗರದಲ್ಲಿ ಒಂದು ಖಾಸಗಿ ಶಾಲೆಗೆ ಮೇಡಂ ಬೇಕು ಅಂತ ತಿಳೀತು. ಹೊರಟೆ. ಬಸ್ಸಲ್ಲಿ ಕೂತಕೂಡಲೇ ಕನ್ನಡಕ ತೆಗೆದು ಚೀಲಕ್ಕೆ ಹಾಕಿದೆ. ನನ್ನ ವಯಸ್ಸಿನ ಹೆಂಗಸರು ಕನ್ನಡಕ ಹಾಕೋದು ಆಗ ನಮ್ಮ ಕಡೆ ಅಪರೂಪ, ಅದೇ ನನ್ನನ್ನ ಹಿಡಿದುಕೊಡ್ತಿದ್ದದ್ದು. ಇಳಿದಮೇಲೆ ತಡವರಿಸ್ತಾ, ಯಾರದೋ ಹಿತ್ತಿಲಿಗೆ ನುಗ್ಗಿ ನಾಯಿ ಕೈಲಿ ಬೊಗಳಿಸಿಕೊಂಡು, ಅಂತೂ ಶಾಲೆ ಮುಟ್ಟಿದೆ. ಸಮಿತಿಯವರು ಮೂವರು ಕೂತಿದ್ರು. ಮಸುಕು ಮಸುಕಾಗಿ ಕಾಣ್ತಿದ್ರು. ಲೆಕ್ಕ ಕೇಳಿದ್ರು, ಹೇಳಿದೆ. ಮಗ್ಗಿ ಕಲಿಸೋದು ಹೇಗೆ ಅಂತ ಕೇಳಿದ್ರು, ಹೇಳಿದೆ. ಅಧ್ಯಕ್ಷರಿಗೆ ಒಪ್ಪಿಗೆಯಾಗಿದೆ ಅಂತ ಅವರ ದನಿಯಲ್ಲೇ ಗೊತ್ತಾಗ್ತಿತ್ತು. “ಕೊನೆಯದಾಗಿ ಸ್ವಲ್ಪ ಓದಿಬಿಡಿ, ಉಚ್ಚಾರ ಕೇಳೋಣ” ಅಂತ ಮೇಜಿನ ಮೇಲಿದ್ದದ್ದನ್ನ ನನ್ನ ಕೈಗೆ ಕೊಟ್ಟರು.

ಪೇಪರು. ಆವತ್ತಿನ ಪೇಪರು!

ಕಣ್ಣಿಗೆ ಒಂದಕ್ಷರ ಕಾಣ್ತಿಲ್ಲ. ಓದಲ್ಲ ಅಂದ್ರೆ ಕೆಲಸ ಇಲ್ಲ, ಓದಬೇಕಂದ್ರೆ ಕನ್ನಡಕ ಬೇಕು. ದೇವರೇ ನಡೆಸಿಕೊಡಪ್ಪ ಅಂತ ಚೀಲದಿಂದ ತೆಗೆದು ಹಾಕಿಕೊಂಡೆ. ಆಗ ಅವರ ಮುಖಗಳು ಸ್ಪಷ್ಟವಾಗಿ ಕಂಡವು. ಒಬ್ಬ ಬಾಯಿಗೆ ಶಲ್ಯ ಅಡ್ಡ ಹಿಡ್ಕೊಂಡ. ಇನ್ನೊಬ್ಬ ‘ಅರೇ’ ಅಂದ. ಅಧ್ಯಕ್ಷರು ಗಂಭೀರವಾಗಿರೋಕೆ ನೋಡಿದ್ರು, ಪಾಪ, “ಇವರು ಪೇಪರ್...” ಅಂತ ಶುರು ಮಾಡಿ ಮುಗಿಸೋಕಾಗದೆ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಹೊರಗಿದ್ದ ಜವಾನನೂ ಬಾಗಿಲಿಗೆ ಬಂದು ನಿಂತ.

ನಾನೇನು ಮಾಡಿದೆ ಗೊತ್ತಾ? ಓದಿದೆ. ಅವರು ಹೊಟ್ಟೆ ಹಿಡ್ಕೊಂಡು ನಗ್ತಿದ್ದ ಹಾಗೇ, ಮೊದಲ ಪುಟದ ಆಹಾರ ಅಭಾವದ ಸುದ್ದಿಯನ್ನ ಒಂದು ಮಹಾಪ್ರಾಣ ತಪ್ಪದ ಹಾಗೆ ಕೊನೆಯವರೆಗೂ ಓದಿ, ಮಡಚಿ, ಮೇಜಿನ ಮೇಲೆ ಇಟ್ಟೆ. ಅಧ್ಯಕ್ಷರು ಕಣ್ಣೊರೆಸಿಕೊಂಡು ಮೆತ್ತಗೆ ಅಂದ್ರು, “ಚೆನ್ನಾಗಿ ಓದ್ತೀರಮ್ಮ. ಆದ್ರೆ ಮಕ್ಕಳು... ನೀವೇ ಯೋಚನೆ ಮಾಡಿ, ಮಕ್ಕಳು ನಿಮ್ಮೆದುರಿಗೆ ಸುಮ್ಮನೆ ಕೂರ್ತಾವಾ?” ಕೆಟ್ಟವರಲ್ಲ ಅವರು. ನನಗೆ ಕಾಫಿ ತರಿಸಿಕೊಟ್ಟು ಕಳಿಸಿದ್ರು. ಬೈದು ಕಳಿಸಿದ್ರೆ ತಿರುಗಿ ಬೈದಾದ್ರೂ ಬರ್ತಿದ್ದೆ.

ಮಾರನೇ ದಿನ ಡ್ರಾಯಿಂಗ್ ಮೇಷ್ಟ್ರು ಕುಂಚ ಕೊಳ್ಳೋಕೆ ಅಂಗಡಿಗೆ ಬಂದ್ರು. ಬತ್ತಕ್ಕ ನಾನೇ ಅಂತ ಅವರಿಗೆ ಗೊತ್ತಿತ್ತು. ಅಂಗಡಿಗೆ ಬಂದಾಗೆಲ್ಲ ಸಂಕೋಚದಿಂದ ನಗೋರು. ತಾನು ನನಗೆ ಹೆಸರು ತಂದುಕೊಟ್ಟಿದ್ದೀನಿ ಅಂತಲೇ ಅವರ ಭಾವನೆ ಇತ್ತೋ ಏನೋ. ಮಾವ ಊಟಕ್ಕೆ ಹೋಗಿದ್ದ. ನಾನು ಕುಂಚ ಕೊಡಲಿಲ್ಲ.

“ಮೇಷ್ಟ್ರೇ, ಬತ್ತು ಅಂದ್ರೆ ಏನು?” ಅಂದೆ.

“ಒಣಗೋದು. ಯಾಕ್ರೀ?”

“ನಿಮ್ಮ ತಲೆ! ಬತ್ತು ಅಂದ್ರೆ ಬರುತ್ತೆ. ನೀರು ಬರುತ್ತೆ, ಎದ್ದು ಹೊರಡಿ ಅಂತ ಜನರಿಗೆ ಕೂಗ್ತಿದ್ದೆ ನಾನು. ಪೇಪರ್ ಓದಿ, ತಿಳ್ಕೊಂಡು, ಕೂಗ್ತಿದ್ದೆ. ಅದನ್ನ ನೀವು ಎಂಥದು ಮಾಡಿ ಇಟ್ರಿ ನೋಡಿ!” ಹೊಸನಗರದ ಕಥೆಯನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಆ ಮನುಷ್ಯನ ಮುಖ ನೋಡಬೇಕಿತ್ತು. ಬಿಳಿಚಿಕೊಂಡು, ಗಾಜಿನ ಕಪಾಟು ಹಿಡಿದು ನಿಂತುಬಿಟ್ರು. “ಬರುತ್ತೆ ಅಂತಲಾ? ನಿಜವಾಗ್ಲೂ?” ಅಂತ ಎರಡು ಮೂರು ಸಲ ಕೇಳಿದ್ರು. ಆಮೇಲೆ, “ನಾನು ಸರಿ ಮಾಡ್ತೀನಿ ತಾಯಿ. ಮುಂದಿನ ವಾರವೇ ಸರಿ ಮಾಡ್ತೀನಿ” ಅಂದ್ರು. ಕುಂಚ ತಗೊಳ್ಳೋದನ್ನೇ ಮರೆತು ಹೋದ್ರು.

ಮಾತಿಗೆ ತಪ್ಪಲಿಲ್ಲ. ಬತ್ತಕ್ಕ ಬೆರಳೆತ್ತಿ, ನಗ್ತಾ ನಿಂತ ಊರಿನವರಿಗೆ, ‘ಬತ್ತು ಅಂದ್ರೆ ಬರುತ್ತೆ ಅಂತ! ನಿಮಗೆ ಗೊತ್ತಿಲ್ಲ, ನಾನು ಓದಿದ್ದೀನಿ!’ ಅಂತ ಹೇಳೋ ಹಾಗೆ ಚಿತ್ರ ಬರೆದು, ಕೆಳಗೆ ‘ಕ್ಷಮಿಸಿ, ತಪ್ಪು ನಮ್ಮದು’ ಅಂತ ಹಾಕಿ ಕಳಿಸಿದ್ರಂತೆ. ವಾರಪತ್ರಿಕೆ ಬಂತು. ಚಿತ್ರ ಇತ್ತು. ಬತ್ತಕ್ಕ ಬೆರಳೆತ್ತಿ ಸತ್ಯ ಹೇಳ್ತಿದ್ಲು. ಕೆಳಗಿನ ಸಾಲನ್ನ ಪೇಪರಿನವರು ತೆಗೆದು ತಮ್ಮ ಸಾಲು ಹಾಕಿದ್ರು. ಪಾಪ, ಪೇಪರ್ ಓದಿಲ್ಲ!

ಅಲ್ಲಿಗೆ ಮುಗೀತು. ಇನ್ನು ನಾನು ಯಾರಿಗೆ ನಿಜ ಹೇಳಿದ್ರೂ ಅದು ಬತ್ತಕ್ಕನ ಮಾತೇ ಆಗ್ತಿತ್ತು. ಬಾಯಿಬಿಟ್ಟು ‘ಬತ್ತು ಅಂದ್ರೆ...’ ಅಂತ ಶುರು ಮಾಡಿದ್ರೆ ಸಾಕು, ಎದುರಿಗಿದ್ದವರು ಬೆರಳೆತ್ತಿ ಉಳಿದದ್ದನ್ನ ತಾವೇ ಮುಗಿಸಿ ನಗೋರು. ಬಾವಿಗೆ ಬಿದ್ದವಳಿಗೆ ಹಗ್ಗ ಇಳಿಬಿಡ್ತೀನಿ ಅಂತ ಹೋಗಿ ಮೇಷ್ಟ್ರು ಕಲ್ಲು ಇಳಿಬಿಟ್ಟಿದ್ರು. ಅವರೇ ಬಂದು ತಲೆ ತಗ್ಗಿಸಿ ನಿಂತರು. “ನಿಲ್ಲಿಸಿಬಿಡ್ತೀನಿ ಅಂತ ಹೇಳಿದೆ ಕಣ್ರೀ. ಬೇರೆಯವರ ಕೈಲಿ ಬರೆಸ್ತೀವಿ, ಬತ್ತಕ್ಕ ಈಗ ನಮ್ಮವಳು ಅಂದ್ರು. ಬೇರೆಯವನು ಇನ್ನೂ ಕೆಟ್ಟದಾಗಿ ಬರೀತಾನೆ” ಅಂದ್ರು. ಅವಳು ನನ್ನವಳೂ ಅಲ್ಲ, ಬರೆದ ಮೇಷ್ಟ್ರವಳೂ ಅಲ್ಲ, ನೋಡಿ.

ಅಳು ಬಂತು. ಅತ್ತು ಮುಗಿಸಿ, ಸಿಟ್ಟಿನಲ್ಲೇ ಅಂದೆ, “ನನ್ನ ಮಾತು ಕಿತ್ಕೊಂಡ್ರಲ್ಲ ಮೇಷ್ಟ್ರೇ, ನಿಮ್ಮ ಮಾತು ಕೊಡಿ.”

ಅವರಿಗೆ ಮೊದಲು ಅರ್ಥ ಆಗಲಿಲ್ಲ. ಅರ್ಥ ಆದಮೇಲೆ ಇಲ್ಲ ಅನ್ನಲಿಲ್ಲ. ದಿನಾ ಮಧ್ಯಾಹ್ನ ಮಾವ ಊಟಕ್ಕೆ ಹೋದಾಗ ಬಂದು, ತಮ್ಮ ಕಡೆ ಹೇಗೆ ಮಾತಾಡ್ತಾರೆ, ಪೇಟೆಯವರ ಎದುರು ಹೇಗೆ ಮಾತಾಡ್ತಾರೆ ಅಂತ ಹೇಳಿಕೊಟ್ಟರು. ಇದ್ದು ಅಲ್ಲ, ಇದೆ. ಇಲ್ಲೆ ಅಲ್ಲ, ಇಲ್ಲ. ಎಂತಕ್ಕೆ ಅಲ್ಲ, ಯಾಕೆ. ಆನು ಅಲ್ಲ, ನಾನು. ಎಂಗೊ ಅಲ್ಲ, ನಾವು. ಮಾತಾಡ್ಲಕ್ಕು ಅಲ್ಲ, ಮಾತಾಡಬಹುದು. ಮಕ್ಕಳು ಕಾಗುಣಿತ ತಿದ್ದೋ ಹಾಗೆ ನಾಲಿಗೆ ತಿದ್ದಿದೆ. ನಾನು ಈಗ ನಿಮ್ಮ ಹತ್ರ ಇಷ್ಟು ಹೊತ್ತಿಂದ ಸರಸರ ಅಂತ ಆಡ್ತಿದ್ದೀನಲ್ಲ ಈ ಮಾತು, ಇದು ಆಗ ಕಲಿತದ್ದು. ನನ್ನ ಸಿಟ್ಟು ಮಾತ್ರ ನನ್ನದು.

ತೀರ್ಥಹಳ್ಳಿಯ ಒಂದು ಶಾಲೆಗೆ ಕೆಲಸ ಕೇಳೋಕೆ ಹೋಗೋವಾಗ ನಾನು ಬೇರೆ ಹೆಂಗಸು. ದಪ್ಪ ಕಪ್ಪು ಕಟ್ಟಿನ ಚೌಕದ ಕನ್ನಡಕ, ತುರುಬಿನ ಬದಲು ಜಡೆ, ಒಳಗೆಳೆದುಕೊಂಡ ಗಲ್ಲ. ಅದೂ ಸಮಿತಿಯವರು ನಡೆಸೋ ಹೆಣ್ಣುಮಕ್ಕಳ ಶಾಲೆ. ಹೆಡ್‌ಮಿಸ್ ಶೇಷಮ್ಮನವರು ನನ್ನನ್ನ ಸ್ವಲ್ಪ ಹೊತ್ತು ದಿಟ್ಟಿಸಿದ್ರು. “ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆಯಲ್ಲ” ಅಂದ್ರು.

“ಇರಲಿಕ್ಕಿಲ್ಲ ಮೇಡಂ. ನಾನು ಚಳ್ಳಕೆರೆಯ ಕಡೆಯವಳು. ಈ ಪ್ರಾಂತ್ಯಕ್ಕೆ ಬಂದು ಬಹಳ ದಿನಗಳಾಗಿಲ್ಲ” ಅಂದೆ, ಪುಸ್ತಕ ಓದಿದ ಹಾಗೆ.

“ಅಬ್ಬ, ಎಷ್ಟು ಶುದ್ಧವಾಗಿ ಮಾತಾಡ್ತೀರಿ” ಅಂದ್ರು ಶೇಷಮ್ಮ. ಕೆಲಸ ಆಯ್ತು. ಅವರ ಮನೆಯ ಹಿಂದಿನ ಭಾಗದಲ್ಲೇ ಒಂದು ಕೋಣೆ, ಒಂದು ಅಡುಗೆಮನೆ ಬಾಡಿಗೆಗೆ ಕೊಟ್ಟರು. ನಡುವೆ ಒಂದು ಹಲಗೆಯ ಗೋಡೆ. ಆಚೆ ಅವರು ಸೀನಿದ್ರೆ ಈಚೆ ನಮಗೆ ಕೇಳೋದು.

ಸಾಗರ ಬಿಟ್ಟು ಬಂದೆ, ಗೆದ್ದೆ ಅಂದುಕೊಂಡಿದ್ದೆ. ಬಂದ ವಾರವೇ ಶೇಷಮ್ಮ ವಿರಾಮದಲ್ಲಿ ಆ ವಾರಪತ್ರಿಕೆ ಹಿಡ್ಕೊಂಡು ಬಂದ್ರು. ಹಾಳಾದ್ದು ಇಲ್ಲಿಗೂ ಬರ್ತಿತ್ತು! ಹಿಂದಿನ ಹೊದಿಕೆ ತಿರುಗಿಸಿ, ಉಳಿದ ಮೇಡಂಗಳಿಗೆಲ್ಲ ಓದಿ ತೋರಿಸಿ, ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ನಾನೂ ನಕ್ಕೆ. ನಗದಿದ್ರೆ ಯಾಕೆ ಅಂತ ಕೇಳ್ತಾರಲ್ಲ. ಪ್ರತಿ ವಾರ ಎಲ್ಲರಿಗಿಂತ ಒಂದು ಚೂರು ಜೋರಾಗಿಯೇ ನಗ್ತಿದ್ದೆ. ಒಂದು ದಿನ ಶೇಷಮ್ಮ ಕೇಳಿದ್ರು, “ಅಲ್ರೀ ವನಮಾಲಾ, ಇವಳು ಬತ್ತು ಅಂದ್ರೆ ಬರುತ್ತೆ ಅಂತ ಅಂತಾಳಲ್ಲ, ಹಾಗೂ ಇದೆಯಾ? ನಿಮ್ಮ ಕಡೆ ಏನಂತಾರೆ?”

ಎಲ್ಲರೂ ನನ್ನ ಮುಖ ನೋಡ್ತಿದ್ರು. “ಎಲ್ಲಾದರೂ ಉಂಟೇ ಮೇಡಂ? ಬತ್ತುವುದೆಂದರೆ ಒಣಗುವುದು” ಅಂದೆ. ಆವತ್ತು ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ಆಯಿಯನ್ನ ಕರ್ಕೊಂಡು ಬಂದದ್ದು ದೀಪಾವಳಿ ಕಳೆದಮೇಲೆ. ಅವಳಿಗೆ ಅರವತ್ತು ದಾಟಿತ್ತು, ಆದ್ರೆ ಬಾಯಿ ಹದಿನಾರರದ್ದು. ಬೆಕ್ಕಿನ ಹತ್ರ ಮಾತು, ಒಲೆಯ ಹತ್ರ ಮಾತು, ಕೆಳಗೆ ಬಿದ್ದ ಚಮಚದ ಹತ್ರ ಮಾತು. ಬಾಗಿಲು ದಾಟಿ ಒಳಗೆ ಕಾಲಿಟ್ಟವಳೇ ಕಿಟಕಿಯಿಂದ ತುಂಗೆ ನೋಡಿ, “ಹೋಯ್, ಇಲ್ಲೂ ಹೊಳೆ ಇದ್ದಲೇ ಕೂಸೆ! ಇದರ ನೀರೂ ಮೇಲೆ ಬತ್ತನೇ?” ಅಂತ ಕೂಗಿದ್ಲು.

ನಾನು ಓಡಿಹೋಗಿ ಅವಳ ಬಾಯಿ ಮುಚ್ಚಿದೆ. ಹಲಗೆಯ ಆಚೆ ಶೇಷಮ್ಮ ಓಡಾಡ್ತಾ ಇದ್ದದ್ದು ಕೇಳ್ತಿತ್ತು.

“ಆಯಿ, ಇಲ್ಲಿ ಈ ಮಾತು ಬೇಡ” ಅಂದೆ ಪಿಸುಗುಟ್ಟಿ.

“ಯಾವ ಮಾತು?”

“ನಮ್ಮ ಮಾತು. ಕೇಳಿದ್ರೆ ಆನು ಯಾರು ಅಂತ ಗೊತ್ತಾಗ್ತು. ಕೆಲಸ ಹೋಗ್ತು. ಮತ್ತೆ ಮಾವನ ಅಂಗಡಿಯೇ.”

ಆಯಿ ನನ್ನನ್ನೇ ನೋಡಿದ್ಲು. “ಹಂಗಾರೆ ಆನು ಯಾವ ಮಾತಾಡದೇ?” ಅಂದ್ಲು. ಅಮ್ಮನಿಗೆ ಕಿವಿ ಮಂದ, ಮಾತೂ ಕಮ್ಮಿ ಅಂತ ಶೇಷಮ್ಮನವರಿಗೆ ಹೇಳಿದೆ. ಹೇಳಿದ್ದನ್ನ ಆಯಿ ನಿಜ ಮಾಡಿದ್ಲು. ಬೆಕ್ಕನ್ನ ಕೈಸನ್ನೆಯಲ್ಲಿ ಕರೆಯೋಕೆ ಶುರು ಮಾಡಿದ್ಲು. ನಾನು ಸಂಜೆ ಬಂದಾಗ ತಟ್ಟೆ ಇಟ್ಟು, ಬಡಿಸಿ, ಗೋಡೆಗೆ ಒರಗಿ ಕೂರೋಳು. ನಾನು ಜೋರಾಗಿ ಪಾಠದ ತಯಾರಿ ಮಾಡೋವಾಗ ತುಟಿ ಅಲ್ಲಾಡಿಸ್ತಾ ಕೇಳ್ತಾ ಇರೋಳು. ಪಾಪ, ಹೊತ್ತು ಹೋಗಲ್ಲ ಅಂದುಕೊಂಡಿದ್ದೆ. ಇಡೀ ದಿನ ಮಕ್ಕಳಿಗೆ ಶುದ್ಧ ಕನ್ನಡ ಆಡಿ ಬಂದವಳಿಗೆ, ಮನೆಯಲ್ಲಿ ಗುಟ್ಟಾಗಿ ನಮ್ಮ ಮಾತಾಡೋ ತ್ರಾಣವೂ ಇರ್ತಿರಲಿಲ್ಲ. ಎರಡು ವರ್ಷದ ಮೇಲೆ ಹೀಗೇ ಹೋಯ್ತು. ಬೇರೆ ಕಡೆ ಹೋಗೋಣ ಅಂದ್ರೆ ಎಲ್ಲಿಗೆ? ಊರು ನೀರಲ್ಲಿ, ಸಾಗರದಲ್ಲಿ ಬತ್ತಕ್ಕ, ಹೊಸನಗರದಲ್ಲಿ ಬತ್ತಕ್ಕ. ಈ ಹಲಗೆಯ ಗೋಡೆಯ ಈಚೆ ಮಾತ್ರ ನಾನು ಮೇಡಂ.

ಅರವತ್ತೆಂಟರ ಬೇಸಗೆ ಹತ್ತಿರ ಬರ್ತಿತ್ತು. ಒಂದು ದಿನ ವಿರಾಮದಲ್ಲಿ ಶೇಷಮ್ಮ ವಾರಪತ್ರಿಕೆ ತಿರುಗಿಸಿ, “ಛೆ! ಇದೇನ್ರೀ ಇದು?” ಅಂದ್ರು. ಹಿಂದಿನ ಹೊದಿಕೆಯಲ್ಲಿ ಬತ್ತಕ್ಕ ಇರಲಿಲ್ಲ. ಲಿಪ್‌ಸ್ಟಿಕ್ ಹಚ್ಚಿದ ಹುಡುಗಿಯೊಬ್ಬಳು ಕಾಲ ಮೇಲೆ ಕಾಲು ಹಾಕಿ ಪೇಪರ್ ಓದೋ ಫೋಟೋ ಇತ್ತು. ಮುಂದಿನ ವಾರವೂ ಅವಳೇ. ಅದರ ಮುಂದಿನ ವಾರ ಶೇಷಮ್ಮ ಹೊದಿಕೆ ತಿರುಗಿಸಿ ನೋಡೋದನ್ನೇ ಬಿಟ್ಟರು. ಅಡುಗೆ ಪುಟ ತೆಗೆದು ಮಾವಿನ ಮಿಡಿಯ ಬಗ್ಗೆ ಮಾತಾಡೋಕೆ ಶುರು ಮಾಡಿದ್ರು. ಧೈರ್ಯ ಮಾಡಿ ನಾನೇ ಕೇಳಿದೆ, “ಮೇಡಂ, ಆ ಬತ್ತಕ್ಕ ಏನಾದಳು?” ಅವರು ಕನ್ನಡಕದ ಮೇಲಿಂದ ನೋಡಿ, “ಯಾರು? ಓ, ಅದಾ? ನಿಂತು ಹೋಯ್ತಲ್ಲ” ಅಂದ್ರು. ಅಷ್ಟೇ. ಇಷ್ಟು ಕಾಲ ನನ್ನ ಕುತ್ತಿಗೆ ಹಿಸುಕಿದ್ದನ್ನ ಅವರು ಒಂದು ತಿಂಗಳಲ್ಲಿ ಮರೆತಿದ್ರು.

ಶಾಲೆ ಬಿಟ್ಟ ಗಂಟೆಗೆ ನಾನು ನಡೀಲಿಲ್ಲ, ಓಡಿದೆ. ಸೆರಗು ಜಾರಿದ್ದೂ ಗೊತ್ತಾಗಲಿಲ್ಲ. ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ, ಎಷ್ಟೋ ಕಾಲದಿಂದ ಗಂಟಲಲ್ಲಿ ಕಟ್ಟಿಕೊಂಡಿದ್ದ ಮಾತನ್ನ ಇಡೀ ಕೇರಿಗೆ ಕೇಳೋ ಹಾಗೆ ಕೂಗಿದೆ, “ಆಯೀ! ಅದು ನಿಂತು ಹೋತು! ಎಲ್ಲರೂ ಮರ್ತಿಕಿದ! ಇನ್ನು ಎಂಗೊ ಮಾತಾಡ್ಲಕ್ಕು, ಆಯೀ, ಬೇಕಾದಷ್ಟು ಮಾತಾಡ್ಲಕ್ಕು!”

ಆಯಿ ಅಕ್ಕಿ ಆರಿಸ್ತಾ ಕೂತಿದ್ದವಳು ಬೆಚ್ಚಿಬಿದ್ಲು. ಮೊರ ಕೆಳಗಿಟ್ಟು ಎದ್ದು, ಬಾಗಿಲು ಹಾಕಿದ್ಲು. ಕಿಟಕಿಯನ್ನೂ ಹಾಕಿದ್ಲು. ಹಲಗೆಯ ಗೋಡೆಗೆ ಕಿವಿಯಿಟ್ಟು ಕೇಳಿ, ನನ್ನ ಹತ್ರ ಬಂದು ಬೆರಳನ್ನ ನನ್ನ ತುಟಿಯ ಮೇಲಿಟ್ಟಳು. ಆಮೇಲೆ, ಒಂದೊಂದೇ ಪದವನ್ನ ನೋಡಿಕೊಂಡು ಕಾಲಿಡೋ ಹಾಗೆ, ನಾನು ಮಕ್ಕಳಿಗೆ ಹೇಳಿಕೊಡೋ ಕನ್ನಡದಲ್ಲಿ ಹೇಳಿದ್ಲು, “ಮೆಲ್ಲಗೆ ಮಾತನಾಡಿ. ಅವರಿಗೆ ಕೇಳಿಸುತ್ತದೆ.”

ನಾನು ಅವಳ ಎರಡೂ ಕೈ ಹಿಡ್ಕೊಂಡೆ. “ಆಯೀ, ಆನು ಕೂಸು. ಎನ್ನ ಹತ್ರ ಎಂತಕ್ಕೆ ಹಂಗೆ ಮಾತಾಡ್ತೆ?” ಅಂದೆ. ಅಳ್ತಾ ಅಳ್ತಾನೇ ಮತ್ತೆ ಮತ್ತೆ ಕೇಳಿದೆ.

ಅವಳು ಹೆದರಿ ಗೋಡೆಯ ಕಡೆ ಇನ್ನೊಂದು ಸಲ ನೋಡಿದ್ಲು. ಕೈ ಬಿಡಿಸಿಕೊಂಡು, ಸೆರಗಿನಿಂದ ನನ್ನ ಕಣ್ಣು ಒರೆಸಿ, ಮನೆಗೆ ಬಂದ ನೆಂಟರ ಹತ್ರ ನಗೋ ಹಾಗೆ ನಕ್ಕು ಕೇಳಿದ್ಲು, “ಊಟ ಮಾಡುತ್ತೀರಾ?”